ಒಂಬತ್ತು ಮೊಟ್ಟೆ, ಐದು ಮರಿ

ನಮ್ಮ ಮನೆಯಲ್ಲಿ ಬೆಳಗಾಗುವುದು ಅಪ್ಪನ ಮೊಬೈಲ್ ಕೂಗಿದಾಗ. ಅದಕ್ಕೂ ಸ್ವಲ್ಪ ಮೊದಲು ಪಕ್ಕದ ರಸ್ತೆಯ ಮಸೀದಿಯಿಂದ ಆಜಾನ್ ಕೇಳಿಸುತ್ತದೆ. ದುಬೈನಲ್ಲಿರುವ ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಪಾಠಶಾಲೆಯಲ್ಲಿ ಟೀಚರ್ ಒಂದು ಕಥೆ ಹೇಳಿದರು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗುವುದಿಲ್ಲ ಅಂದುಕೊಂಡಿದ್ದ ಅಜ್ಜಿಯ ಕಥೆ. ನಿಮಗೂ ಗೊತ್ತಿರುತ್ತದೆ. ನನ್ನ ತಮ್ಮ ಅದನ್ನು ಕೇಳಿಸಿಕೊಂಡು ಮನೆಗೆ ಬಂದವನೇ ಅಮ್ಮನನ್ನು ಕೇಳಿದ, “ಕೋಳಿ ಹೇಗೆ ಕೂಗುತ್ತೆ? ಕೋಳಿ ಫ್ರೀಜರ್‌ನಲ್ಲಿ ಇರುತ್ತಲ್ವಾ?”

ನಗಬೇಡಿ. ಅವನಿಗೆ ಆರು ವರ್ಷ. ಅವನು ಸರಿಯಾಗಿ ನೋಡಿರುವ ಕೋಳಿಗಳಿಗೆಲ್ಲ ತಲೆಯೇ ಇರಲಿಲ್ಲ. ಮದ್ದೂರಿನ ಹತ್ತಿರ ನಮ್ಮಜ್ಜಿಯ ಹಳ್ಳಿ ಇದೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಹಿತ್ತಲು ತುಂಬ ಕೋಳಿಗಳಿದ್ದವು. ಆಮೇಲೆ ಅಜ್ಜಿಗೆ ಮಂಡಿನೋವು ಬಂದು ಕೋಳಿ ಸಾಕುವುದನ್ನು ಬಿಟ್ಟರು. ತಮ್ಮ ಊರಿಗೆ ಹೋಗುವಷ್ಟರಲ್ಲಿ ಹಿತ್ತಲಲ್ಲಿ ಖಾಲಿ ಮಂಕರಿ ಮಾತ್ರ ಇತ್ತು.

“ಕೋಳಿ ಮೊಟ್ಟೆ ಮೇಲೆ ಕೂತು ಕಾವು ಕೊಡುತ್ತೆ, ಆಗ ಮರಿ ಬರುತ್ತೆ” ಅಂತ ಅವನಿಗೆ ಹೇಳಿದವಳು ನಾನೇ. ಅವತ್ತು ರಾತ್ರಿ ಅವನು ಏನು ಮಾಡಿದ ಗೊತ್ತಾ? ಫ್ರಿಜ್‌ನಿಂದ ಒಂದು ಮೊಟ್ಟೆ ತೆಗೆದುಕೊಂಡು ಹೋಗಿ ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿಬಿಟ್ಟ. ಬೆಳಿಗ್ಗೆ ಬೆಡ್‌ಶೀಟ್ ತೊಳೆದವರು ಅಮ್ಮ, ಬೈಸಿಕೊಂಡವಳು ನಾನು.

ಅಂಗಡಿಯ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಸಾಮಾನ್ಯವಾಗಿ ಮರಿ ಬರುವುದಿಲ್ಲ. ಮೊಟ್ಟೆಗಾಗಿಯೇ ಸಾಕುವ ಫಾರಂಗಳಲ್ಲಿ ಹೇಂಟೆಗಳು ಮಾತ್ರ ಇರುತ್ತವೆ, ಹುಂಜ ಇರುವುದಿಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರೊಳಗೆ ಮರಿ ಆಗುವುದಿಲ್ಲ. (ಹೇಂಟೆ ಅಂದರೆ ಹೆಣ್ಣು ಕೋಳಿ. ನಮ್ಮಜ್ಜಿ ‘ಯಾಟೆ’ ಅನ್ನುತ್ತಾರೆ. ನಾನೂ ಇನ್ನು ಮುಂದೆ ಹಾಗೇ ಬರೆಯುತ್ತೇನೆ, ಯಾಕಂದರೆ ಈ ಕಥೆಯಲ್ಲಿ ಅರ್ಧ ಮಾತು ಅಜ್ಜಿಯದೇ.)

ಅಪ್ಪನ ಸ್ನೇಹಿತರೊಬ್ಬರು ಅಲ್ ಐನ್‌ನಲ್ಲಿ ಒಂದು ಖರ್ಜೂರದ ತೋಟ ನೋಡಿಕೊಳ್ಳುತ್ತಾರೆ. ಅಲ್ಲಿ ಮರಗಳ ಕೆಳಗೆ ಕೋಳಿಗಳು ಓಡಾಡಿಕೊಂಡಿವೆ, ಹುಂಜಗಳೂ ಇವೆ. ಜನವರಿ 10ರ ಶುಕ್ರವಾರ ನಾವು ಅಲ್ಲಿಗೆ ಹೋಗಿದ್ದಾಗ ಅಂಕಲ್ ತಮ್ಮನ ಫ್ರೀಜರ್ ಪ್ರಶ್ನೆ ಕೇಳಿ ಬಿದ್ದು ಬಿದ್ದು ನಕ್ಕು, ಒಂಬತ್ತು ಮೊಟ್ಟೆ ಕೊಟ್ಟರು. ಫ್ಲ್ಯಾಟ್‌ನಲ್ಲಿ ಕೋಳಿ ಸಾಕುವ ಹಾಗಿಲ್ಲ ಅಂತ ಅಮ್ಮ ತಕ್ಷಣ ಹೇಳಿದರು. ಕೊನೆಗೆ ಒಪ್ಪಂದ ಆಯಿತು. ಮರಿ ಬಂದ ಮೇಲೆ ಮೂರು ವಾರ ಮಾತ್ರ ನಮ್ಮ ಮನೆಯಲ್ಲಿ, ಆಮೇಲೆ ವಾಪಸ್ ಅಲ್ ಐನ್‌ಗೆ. ಅಪ್ಪ ನಮ್ಮ ಬಿಲ್ಡಿಂಗಿನವರ ಹತ್ತಿರವೂ ಕೇಳಿ ಒಪ್ಪಿಗೆ ತೆಗೆದುಕೊಂಡರು. “ಹುಂಜ ಕೂಗುವ ಮೊದಲು ಖಾಲಿ ಮಾಡಿ” ಅಂದರಂತೆ.

ಅಪ್ಪ ಯಾರೋ ಬಳಸಿ ಮಾರಿದ ಒಂದು ಸಣ್ಣ ಇನ್‌ಕ್ಯುಬೇಟರ್ ತಂದರು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮೇಲೆ ಪಾರದರ್ಶಕ ಮುಚ್ಚಳ. ಅಜ್ಜಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆವು.

“ಅಯ್ಯೋ ಮಗಾ, ಕರೆಂಟಲ್ಲಿ ಕಾವು ಕೊಡಕ್ಕಾಯ್ತದಾ? ಯಾಟೆ ಹೊಟ್ಟೆ ಬಿಸಿ ಆ ಡಬ್ಬಕ್ಕೆ ಎಲ್ಲಿಂದ ಬತ್ತದೆ?”

ಅಜ್ಜಿ ಮಂಕರಿಯಲ್ಲಿ ಹುಲ್ಲು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಯಾಟೆ ಕೂರಿಸುತ್ತಿದ್ದರಂತೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಹುಲ್ಲಿನೊಳಗೆ ಒಂದು ಕಬ್ಬಿಣದ ಮೊಳೆಯನ್ನೂ ಇದ್ದಿಲ ಚೂರನ್ನೂ ಇಡುತ್ತಿದ್ದರು. ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ ಕೋಳಿಗಳೂ ಅವರ ಹತ್ತಿರ ಇದ್ದವು. “ಅವು ಮೊಟ್ಟೆ ಇಡ್ತವೆ, ಕಾವಿಗೆ ಕೂರಕಿಲ್ಲ. ಅವುದ್ರ ಮೊಟ್ಟೆಗೂ ನಮ್ ನಾಟಿ ಯಾಟೆನೇ ಕೂರ್ಬೇಕಿತ್ತು” ಅಂದರು. ಆ ದಿನದಿಂದ ಅಜ್ಜಿ ದಿನಕ್ಕೆ ಮೂರು ಸಲ ಫೋನ್ ಮಾಡಲು ಶುರು ಮಾಡಿದರು. ಮೊದಲು ವಾರಕ್ಕೊಂದು ಸಲ ಮಾತಾಡುತ್ತಿದ್ದೆವು, ಅದೂ ಊಟ ಆಯ್ತಾ, ಆಯ್ತು ಅನ್ನುವಷ್ಟು.

ದೂರದಿಂದ ತಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ಸುಮ್ಮನೆ ಇಡಬೇಕು. ಕಾರಿನ ಕುಲುಕಾಟದ ನಂತರ ಅವಕ್ಕೆ ವಿಶ್ರಾಂತಿ ಬೇಕು. ಹಾಗಾಗಿ ಜನವರಿ 11, ಶನಿವಾರ ಸಂಜೆ ಕಾವಿಗೆ ಇಟ್ಟೆವು. ಕೋಳಿಮೊಟ್ಟೆಗೆ 21 ದಿನ. ಲೆಕ್ಕ ಹಾಕಿದರೆ ಫೆಬ್ರವರಿ 1, ಅದೂ ಶನಿವಾರ. ಅವತ್ತು ನಾನು ಕನ್ನಡ ತರಗತಿಗೆ ಯಾಕೆ ಬರಲಿಲ್ಲ ಅಂತ ಟೀಚರ್‌ಗೆ ಈಗ ಅರ್ಥವಾಗಿರಬಹುದು.

ಒಳಗಿನ ಬಿಸಿ 37.5 ಡಿಗ್ರಿ ಇರಬೇಕು. ಮೊಟ್ಟೆಗಳನ್ನು ದಿನಕ್ಕೆ ಮೂರು ಸಲವಾದರೂ ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನ ಮರಿ ಒಂದು ಕಡೆಗೆ ಅಂಟಿಕೊಳ್ಳುತ್ತದೆ. ಯಾಟೆ ಇದನ್ನು ಕೊಕ್ಕಿನಿಂದ ತಾನೇ ಮಾಡುತ್ತದೆ. ನಮ್ಮ ಡಬ್ಬಕ್ಕೆ ಕೊಕ್ಕು ಇರಲಿಲ್ಲ. ಆದ್ದರಿಂದ ಪ್ರತಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲ್‌ನಲ್ಲಿ ‘ಅ’, ಇನ್ನೊಂದು ಬದಿಗೆ ‘ಆ’ ಬರೆದೆ. ಪೆನ್ನಿನಲ್ಲಿ ಬರೆಯಬೇಡಿ, ಚಿಪ್ಪಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಶಾಯಿ ಒಳಗೆ ಹೋಗಬಹುದು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅ, ಸಂಜೆ ಬಂದು ಆ, ಮಲಗುವಾಗ ಅ. ಮೂರು ಸಲ ಅಂದರೆ ಬೆಸ ಸಂಖ್ಯೆ, ಹಾಗಾಗಿ ಇವತ್ತು ರಾತ್ರಿಯಿಡೀ ‘ಅ’ ಮೇಲಿದ್ದರೆ ನಾಳೆ ರಾತ್ರಿ ‘ಆ’. ತಮ್ಮ ಕನ್ನಡದ ಮೊದಲ ಎರಡು ಅಕ್ಷರವನ್ನು ಕಲಿತದ್ದು ಮೊಟ್ಟೆಯ ಮೇಲೆ.

ನಮ್ಮ ಎದುರು ಮನೆಯವರು ಈಜಿಪ್ಟಿನವರು. ಆ ಆಂಟಿ ಒಂದು ದಿನ ಬಂದು ನೋಡಿ, ಇದೆಲ್ಲ ನಮ್ಮ ದೇಶದ್ದೇ ವಿದ್ಯೆ ಅಂದರು. ನಾನು ಮೊದಲು ನಂಬಲಿಲ್ಲ. ಆಮೇಲೆ ಓದಿದೆ. ನಿಜವಾಗಿಯೂ ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಯಾಟೆ ಇಲ್ಲದೆ ಮರಿ ಮಾಡಿಸುತ್ತಿದ್ದರು. ಗ್ರೀಸ್ ದೇಶದ ಅರಿಸ್ಟಾಟಲ್ ಕೂಡ ಅದರ ಬಗ್ಗೆ ಬರೆದಿದ್ದಾನೆ. ಮಣ್ಣಿನ ಇಟ್ಟಿಗೆಯಲ್ಲಿ ದೊಡ್ಡ ಒಲೆಯಂಥ ಮನೆಗಳನ್ನು ಕಟ್ಟಿ, ಸಗಣಿ, ಹುಲ್ಲು ಉರಿಸಿ, ಸಾವಿರಾರು ಮೊಟ್ಟೆಗಳಿಗೆ ಒಟ್ಟಿಗೇ ಕಾವು ಕೊಡುತ್ತಿದ್ದರು. ಥರ್ಮಾಮೀಟರ್ ಇರಲಿಲ್ಲ. ಕೆಲಸದವರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ನೋಡಿ ಬಿಸಿ ಸಾಕೋ ಬೇಕೋ ಹೇಳುತ್ತಿದ್ದರು. ಆಂಟಿ ಒಂದು ಮೊಟ್ಟೆ ತೆಗೆದು ನನ್ನ ರೆಪ್ಪೆಗೂ ಮುಟ್ಟಿಸಿದರು. ನೀವೂ ಮಾಡಿ ನೋಡಿದರೆ ಗೊತ್ತಾಗುತ್ತದೆ. ಕೈಗೆ ಗೊತ್ತಾಗದ ಬಿಸಿ ರೆಪ್ಪೆಗೆ ಗೊತ್ತಾಗುತ್ತದೆ. ಕೋಳಿಮರಿಗೆ ಅವರ ಅರೇಬಿಕ್‌ನಲ್ಲಿ ‘ಕತ್ಕೂತ್’ ಅನ್ನುತ್ತಾರೆ. ಒಂದಕ್ಕಿಂತ ಹೆಚ್ಚಿದ್ದರೆ ‘ಕತಾಕೀತ್’. ತಮ್ಮನಿಗೆ ಆ ಪದ ಎಷ್ಟು ಇಷ್ಟವಾಯಿತೆಂದರೆ ಒಂದು ವಾರ ಮನೆಯಲ್ಲಿ ಎಲ್ಲರೂ ಕತ್ಕೂತ್‌ಗಳೇ.

ಎರಡನೆಯ ವಾರದಲ್ಲಿ ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಡಬ್ಬದ ದೀಪ ಆರಿದೆ. ವ್ಯಾಕ್ಯೂಮ್ ಕ್ಲೀನರ್‌ನ ವೈರು ಎಳೆದಾಗ ಪ್ಲಗ್ ಸಡಿಲವಾಗಿತ್ತು. ಒಳಗೆ 29 ಡಿಗ್ರಿ. ನಾನು ಅಳುತ್ತಲೇ ಅಜ್ಜಿಗೆ ಫೋನ್ ಮಾಡಿದೆ.

“ಒಂದು ಗಂಟೆಗೆಲ್ಲ ಏನೂ ಆಗಕಿಲ್ಲ ಕಣವ್ವ. ಯಾಟೆನೂ ದಿನಕ್ಕೊಂದ್ಸಲ ಕಾವು ಬುಟ್ಟು ಎದ್ದೋಯ್ತದೆ. ಮೇಯ್ತದೆ, ನೀರು ಕುಡೀತದೆ, ಬತ್ತದೆ. ಮೂರು ವಾರ ಉಪ್ವಾಸ ಕೂತಿರ್ತದೆ ಅಂದ್ಕಂಡಿದ್ದಾ?”

ಅದಕ್ಕೂ ಮೊದಲೇ, ಏಳನೆಯ ದಿನ ರಾತ್ರಿ, ಎಲ್ಲ ಲೈಟ್ ಆರಿಸಿ ಮೊಟ್ಟೆಗಳ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ದೆವು. ಒಂದು ಮೊಟ್ಟೆ ಪೂರ್ತಿ ಹಳದಿಯಾಗಿ ಹೊಳೆಯಿತು. ಅದು ಗೊಡ್ಡು. ಇನ್ನೊಂದರಲ್ಲಿ ಕೆಂಪು ಬಳೆಯಂಥ ಗೆರೆ ಮಾತ್ರ ಇತ್ತು. ಅಂದರೆ ಮರಿ ಬೆಳೆಯಲು ಶುರುವಾಗಿ ನಿಂತುಹೋಗಿದೆ. ಉಳಿದ ಏಳರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಅದು ಕಣ್ಣು. ಆ ಚುಕ್ಕೆ ಅಲುಗಾಡಿತು. ನಾವು ನಾಲ್ಕು ಜನ ಕತ್ತಲಲ್ಲಿ ನಿಂತಿದ್ದೆವು, ಯಾರೂ ಮಾತಾಡಲಿಲ್ಲ. ಅಮ್ಮನೇ ಮೊದಲು ಹೇಳಿದರು, “ನಿನ್ನ ಸ್ಕ್ಯಾನಿಂಗ್‌ನಲ್ಲೂ ಹೀಗೇ ಒಂದು ಚುಕ್ಕೆ ಕಂಡಿತ್ತು.”

ಹದಿನೆಂಟನೆಯ ದಿನದ ನಂತರ ಮೊಟ್ಟೆ ತಿರುಗಿಸಬಾರದು. ಮರಿ ಹೊರಗೆ ಬರುವ ಭಂಗಿಗೆ ತಿರುಗಿಕೊಳ್ಳುತ್ತದೆ. ಡಬ್ಬದೊಳಗೆ ತೇವ ಜಾಸ್ತಿ ಮಾಡಬೇಕು, ಮುಚ್ಚಳ ತೆಗೆಯಬಾರದು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಓದಿದ್ದೆ, ನೋಟ್‌ಬುಕ್‌ನಲ್ಲಿ ಬರೆದುಕೊಂಡೂ ಇದ್ದೆ.

ಜನವರಿ 31, ಶುಕ್ರವಾರ ಸಂಜೆ ಮೊಟ್ಟೆಯೊಳಗಿಂದ ಚಿಂವ್ ಚಿಂವ್ ಕೇಳಿಸಿತು. ಚಿಪ್ಪು ಒಡೆಯುವ ಮೊದಲೇ! ಮೊಟ್ಟೆಯ ದಪ್ಪ ತುದಿಯಲ್ಲಿ ಸ್ವಲ್ಪ ಗಾಳಿ ತುಂಬಿದ ಜಾಗ ಇರುತ್ತದೆ. ಮರಿ ಮೊದಲು ಒಳಗಿನ ಪೊರೆಯನ್ನು ತೂತು ಮಾಡಿ ಅಲ್ಲಿ ಕೊಕ್ಕು ಇಟ್ಟು ಉಸಿರಾಡುತ್ತದೆ. ಅದರ ಜೀವನದ ಮೊದಲ ಉಸಿರು. ಉಸಿರು ಬಂದ ಮೇಲೆ ದನಿಯೂ ಬರುತ್ತದೆ. ತಮ್ಮ ಡಬ್ಬಕ್ಕೆ ಬಾಯಿ ಹತ್ತಿರ ಇಟ್ಟು “ಹಲೋ” ಅಂದ. ಒಳಗಿಂದ ಚಿಂವ್ ಅಂದಿತು. ಇವನು ಮತ್ತೆ ಹಲೋ ಅಂದ. ರಾತ್ರಿ ಹತ್ತರವರೆಗೂ ಅದೇ.

ಮರಿಯ ಕೊಕ್ಕಿನ ತುದಿಯಲ್ಲಿ ಒಂದು ಸಣ್ಣ ಬಿಳಿ ಮುಳ್ಳು ಇರುತ್ತದೆ. ಅದರಿಂದ ಚಿಪ್ಪಿಗೆ ಕುಟ್ಟಿ ಕುಟ್ಟಿ ಒಂದು ಸೀಳು ಬಿಡುತ್ತದೆ, ಆಮೇಲೆ ಗಂಟೆಗಟ್ಟಲೆ ಸುಮ್ಮನಿರುತ್ತದೆ, ಆಮೇಲೆ ಸುತ್ತ ತಿರುಗುತ್ತಾ ಡಬ್ಬಿಯ ಮುಚ್ಚಳ ಕತ್ತರಿಸಿದ ಹಾಗೆ ಚಿಪ್ಪು ಕತ್ತರಿಸುತ್ತದೆ. ಹುಟ್ಟಿ ಕೆಲವು ದಿನಗಳಲ್ಲಿ ಆ ಮುಳ್ಳು ಉದುರಿಹೋಗುತ್ತದೆ. ಅದಕ್ಕೆ ಬೇರೆ ಕೆಲಸವೇ ಇಲ್ಲ.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಮೊದಲನೆಯದು ಬಂತು. ಟಿ.ವಿ.ಯಲ್ಲಿ ನೋಡಿದ ಹಳದಿ ಉಣ್ಣೆಯ ಉಂಡೆ ಅಲ್ಲ. ಒದ್ದೆ, ಕಂದು ಬಣ್ಣ, ತಲೆ ಎತ್ತಲಾಗದೆ ಬಿದ್ದುಕೊಂಡಿದ್ದ ಒಂದು ಜೀವ. ಅಪ್ಪ “ಇದು ಬದುಕುತ್ತಾ?” ಅಂತ ಪಿಸುಗುಟ್ಟಿದರು. ಎರಡು ಗಂಟೆಯಲ್ಲಿ ಒಣಗಿ ದುಂಡಗೆ ಆಯಿತು. ಅದಕ್ಕೆ ರಾಗಿ ಅಂತ ಹೆಸರಿಟ್ಟೆವು. ಆಮೇಲೆ ಜೋಳ, ನವಣೆ, ಸಾಮೆ, ಮಧ್ಯಾಹ್ನ ಎರಡಕ್ಕೆ ಸಜ್ಜೆ.

ಈಗ ನಾನು ತಪ್ಪು ಒಪ್ಪಿಕೊಳ್ಳಬೇಕು. ಪ್ರತಿ ಮರಿ ಬಂದಾಗಲೂ ನಾನು ಮುಚ್ಚಳ ತೆಗೆದೆ. ರಾಗಿಯನ್ನು ಮುಟ್ಟಲು ಒಂದು ಸಲ, ಜೋಳದ ಚಿಪ್ಪು ತೆಗೆಯಲು ಒಂದು ಸಲ, ತಮ್ಮನಿಗೆ ತೋರಿಸಲು, ಅಜ್ಜಿಗೆ ವಿಡಿಯೋದಲ್ಲಿ ಚೆನ್ನಾಗಿ ಕಾಣಲಿ ಅಂತ. ಆಮೇಲೆ ಎಣಿಸಿದೆ, ಒಟ್ಟು ಎಂಟು ಸಲ. ಆತುರ ಬೇಕಾಗಿರಲಿಲ್ಲ. ಮರಿ ಹೊರಗೆ ಬರುವ ಮೊದಲು ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯಲ್ಲೇ ಎರಡು ದಿನ ಅನ್ನ ನೀರು ಇಲ್ಲದೆ ಇರಬಲ್ಲದು. ಆದರೆ ಮುಚ್ಚಳ ತೆಗೆದಾಗಲೆಲ್ಲ ಒಳಗಿನ ತೇವ ಹೊರಟುಹೋಗುತ್ತದೆ. ಆಗಲೇ ಸೀಳು ಬಿಟ್ಟಿದ್ದ ಉಳಿದ ಮೊಟ್ಟೆಗಳ ಪೊರೆ ಒಣಗಿ ಬಿಗಿಯಾಗಿ, ಮರಿಗೆ ಅಂಟಿಕೊಳ್ಳುತ್ತದೆ. ಆಗ ಮರಿ ತಿರುಗಲಾರದು.

ಎರಡು ಮೊಟ್ಟೆ ಉಳಿದಿದ್ದವು. ಒಂದರಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತೂತಾಗಿತ್ತು. ಸಂಜೆ ಆರಾದರೂ ತೂತು ಅಷ್ಟೇ. ಕೊಕ್ಕು ಮಾತ್ರ ಕಾಣುತ್ತಿತ್ತು, ಸುತ್ತ ಪೊರೆ ಕಾಗದದ ಹಾಗೆ ಒಣಗಿತ್ತು. ಒಳಗಿಂದ ಚಿಂವ್ ಅನ್ನುತ್ತಲೇ ಇತ್ತು. “ಅಕ್ಕಾ, ಅದು ಹೆಲ್ಪ್ ಕೇಳ್ತಿದೆ” ಅಂದ ತಮ್ಮ.

ಅಪ್ಪ ಅಮ್ಮ ಅಡುಗೆಮನೆಯಲ್ಲಿದ್ದರು. ನಾನು ಕೈ ತೊಳೆದುಕೊಂಡು, ಮೊಟ್ಟೆ ಹೊರಗೆ ತೆಗೆದು, ಉಗುರಿನಿಂದ ಚಿಪ್ಪು ಬಿಡಿಸಲು ಶುರು ಮಾಡಿದೆ. ಮೊದಲ ಎರಡು ಚೂರು ಸುಲಭವಾಗಿ ಬಂದವು. ಮೂರನೆಯದಕ್ಕೆ ರಕ್ತ ಬಂತು. ಸ್ವಲ್ಪ ಅಲ್ಲ. ಆಗಲಾದರೂ ನಿಲ್ಲಿಸಬೇಕಿತ್ತು. ಅರ್ಧ ಬಿಡಿಸಿ ಆಗಿದೆ, ಬೇಗ ಮುಗಿಸಿದರೆ ಒಳ್ಳೆಯದು ಅಂದುಕೊಂಡು ಪೂರ್ತಿ ಬಿಡಿಸಿಬಿಟ್ಟೆ. ಮರಿಯ ಹೊಟ್ಟೆಯ ಕೆಳಗೆ ಹಳದಿಯ ಚೀಲ ಇನ್ನೂ ಹೊರಗೇ ಇತ್ತು.

ಅಮ್ಮ ಓಡಿ ಬಂದರು. ಅಜ್ಜಿಗೆ ಫೋನ್ ಮಾಡಿದೆವು, ಅಲ್ಲಿ ಏಳೂವರೆ. ಅಜ್ಜಿ ಬೈಯಲಿಲ್ಲ. “ತಿರ್ಗಾ ಡಬ್ಬದಾಗಿಡು, ಮೇಲೊಂದು ಒದ್ದೆ ಬಟ್ಟೆ ಇಡು, ಇನ್ನೊಂದ್ನ ಮುಟ್ಬೇಡ. ಕೈನ ಹಿಂದಕ್ಕೆ ಕಟ್ಕೊಂಡು ಕೂತ್ಕೊ” ಅಂದರು ಅಷ್ಟೇ.

ತೂತು ಮಾಡಿದ ಮೇಲೆ ಮರಿ ಸುಮ್ಮನೆ ಮಲಗಿರುವುದಿಲ್ಲ ಅಂತ ಆಮೇಲೆ ಓದಿ ತಿಳಿದೆ. ಪೊರೆಯ ನರಗಳಲ್ಲಿರುವ ರಕ್ತವನ್ನೆಲ್ಲ ಮೈಯೊಳಗೆ ಎಳೆದುಕೊಳ್ಳುತ್ತಾ, ಹಳದಿಯನ್ನು ಹೊಟ್ಟೆಗೆ ತುಂಬಿಕೊಳ್ಳುತ್ತಾ ಇರುತ್ತದೆ. ಅದಕ್ಕೆ 12 ಗಂಟೆಯೂ ಆಗಬಹುದು, 24 ಗಂಟೆಯೂ ಆಗಬಹುದು. ಹೊರಗಿನಿಂದ ನೋಡುವವರಿಗೆ ಅದು ಸಿಕ್ಕಿಹಾಕಿಕೊಂಡಂತೆ ಕಾಣುತ್ತದೆ. ನನಗೆ ಹಾಗೇ ಕಂಡಿತು.

ತಮ್ಮ ಅದಕ್ಕೆ ಎಳ್ಳು ಅಂತ ಹೆಸರಿಟ್ಟ, ತಲೆಯ ಮೇಲೆ ಕಪ್ಪು ಚುಕ್ಕೆ ಇದ್ದದ್ದಕ್ಕೆ. ಅದು ಭಾನುವಾರ ಬೆಳಿಗ್ಗೆ ಸತ್ತುಹೋಯಿತು.

ಇನ್ನೊಂದು ಮೊಟ್ಟೆಯನ್ನು ನಾನು ಮುಟ್ಟಲಿಲ್ಲ. ರಾತ್ರಿಯೆಲ್ಲ ಡಬ್ಬದ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದ್ದೆ. ನಿಜವಾಗಿಯೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅದು ಬೆಳಗಿನವರೆಗೆ ಆಗಾಗ ಚಿಂವ್ ಅನ್ನುತ್ತಿತ್ತು. ಆಮೇಲೆ ಅನ್ನಲಿಲ್ಲ. ಅದೂ ಬರಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. ಮೊದಲನೆಯದನ್ನು ಮುಟ್ಟಿದೆ, ಸತ್ತಿತು. ಎರಡನೆಯದನ್ನು ಮುಟ್ಟಲಿಲ್ಲ, ಅದೂ ಸತ್ತಿತು. ಹಾಗಾದರೆ ಯಾವುದು ಸರಿ? ಅಜ್ಜಿಯನ್ನು ಕೇಳಿದೆ. ಅಜ್ಜಿಗೆ ಎಲ್ಲ ಗೊತ್ತಿರುತ್ತದೆ ಅಂದುಕೊಂಡಿದ್ದೆ.

“ಗೊತ್ತಿಲ್ಲ ಕಣವ್ವ. ನಂಗೂ ಎಷ್ಟೋ ಸಲ ಹಂಗೇ ಆಗದೆ. ಬಿಡಿಸಿದ್ದೂ ಉಂಟು, ಬುಟ್ಟಿದ್ದೂ ಉಂಟು. ಬಿಡಿಸಿದ್ರಲ್ಲಿ ಒಂದೆರಡು ಬದುಕವೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು, “ಯಾಟೆ ಎರಡು ದಿನ ನೋಡ್ತದೆ. ಆಮೇಲೆ ಬಂದಿರೋ ಮರಿಗಳ್ನ ಕರ್ಕೊಂಡು ಎದ್ದೋಯ್ತದೆ. ಉಳಿದ ಮೊಟ್ಟೆ ಕಡೆ ತಿರುಗೂ ನೋಡಕಿಲ್ಲ. ಬಂದಿರೋವ್ಕೆ ಮೇವು ಹುಡುಕ್ಬೇಕಲ್ಲ. ನಿನ್ನವ್ಕೆ ನೀರಿಟ್ಟಿದ್ದೀಯಾ?”

ಇಟ್ಟಿರಲಿಲ್ಲ. ಎದ್ದು ಇಟ್ಟೆ.

ಸಂಜೆ ಅಪ್ಪ, ನಾನು, ತಮ್ಮ ಬಿಲ್ಡಿಂಗಿನ ಹಿಂದಿನ ಖಾಲಿ ಜಾಗಕ್ಕೆ ಹೋಗಿ ಒಂದು ಬೇವಿನ ಮರದ ಕೆಳಗೆ ಮರಳು ತೋಡಿ ಎರಡನ್ನೂ ಹೂತು ಬಂದೆವು. ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಕೋಳಿಸಾರು. ಆ ಭಾನುವಾರ ಅಮ್ಮ ಬೇಳೆಸಾರು ಮಾಡಿದ್ದರು. ಯಾರೂ ಏನೂ ಕೇಳಲಿಲ್ಲ.

ಇನ್ನು ಐದು ಮರಿಗಳ ವಿಷಯ. ನೀವು ಎಂದಾದರೂ ಸಾಕುವುದಾದರೆ ಇದು ಉಪಯೋಗಕ್ಕೆ ಬರುತ್ತದೆ. ವಾಷಿಂಗ್ ಮಷೀನ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೇ ಅವುಗಳ ಮನೆ. ಮೇಲೆ ಬಿಸಿ ಕೊಡುವ ದೀಪ. ಎಲ್ಇಡಿ ಬಲ್ಬ್ ಬೇಡ, ಅದರಲ್ಲಿ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಮೊದಲ ವಾರ ದೀಪದ ಕೆಳಗೆ 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ ಮಾಡಬೇಕು. ದೀಪವನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಿದರಾಯಿತು. ಥರ್ಮಾಮೀಟರ್‌ಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ. ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಕಿರುಚಿದರೆ ಚಳಿ. ಮೂಲೆಗೆ ಹೋಗಿ ಬಾಯಿ ತೆರೆದುಕೊಂಡು ನಿಂತರೆ ಸೆಕೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು ಮೆಲ್ಲಗೆ ಮಾತಾಡಿಕೊಂಡಿದ್ದರೆ ಹಿತವಾಗಿದೆ ಅಂತ. ಎ.ಸಿ. ಗಾಳಿ ನೇರವಾಗಿ ಬೀಳಬಾರದು. ಹಾಗಾಗಿ ಮೂರು ವಾರ ನಮ್ಮ ಹಾಲ್‌ನಲ್ಲಿ ಎ.ಸಿ. ಹಾಕಲಿಲ್ಲ. ಫೆಬ್ರವರಿ ಆದ್ದರಿಂದ ಬಚಾವಾದೆವು. ಜುಲೈ ಆಗಿದ್ದರೆ ನಮ್ಮನ್ನೇ ಯಾರಾದರೂ ಮೊಟ್ಟೆ ಅಂದುಕೊಳ್ಳುತ್ತಿದ್ದರು.

ಮೊದಲ ದಿನ ಪೆಟ್ಟಿಗೆಯಲ್ಲಿ ನ್ಯೂಸ್ ಪೇಪರ್ ಹಾಸಿದ್ದೆ. ಅದು ನನ್ನ ಎರಡನೆಯ ತಪ್ಪು. ಪೇಪರ್ ಜಾರುತ್ತದೆ, ಎಳೆಯ ಕಾಲುಗಳು ಎರಡು ಬದಿಗೆ ಸರಿದುಹೋಗುತ್ತವೆ. ಸೋಮವಾರ ನೋಡಿದರೆ ಸಜ್ಜೆ ಎದ್ದು ನಿಲ್ಲಲಾಗದೆ ಕಪ್ಪೆಯ ಹಾಗೆ ಬಿದ್ದಿತ್ತು. ಅಲ್ ಐನ್ ಅಂಕಲ್ ಹೇಳಿದಂತೆ, ಬ್ಯಾಂಡ್-ಏಡ್ ಅನ್ನು ಸಣ್ಣಗೆ ಕತ್ತರಿಸಿ ಎರಡು ಕಾಲಿಗೂ ನಡುವೆ ಸ್ವಲ್ಪ ಅಂತರ ಬಿಟ್ಟು ಸುತ್ತಿದೆವು, ಕಾಲು ಮತ್ತೆ ಜಾರದ ಹಾಗೆ. ಪೇಪರ್ ತೆಗೆದು ಟಿಶ್ಯೂ ಟವೆಲ್ ಹಾಸಿದೆವು, ಆಮೇಲೆ ಮರದ ಹೊಟ್ಟು. ಮೊದಲ ದಿನ ಸಜ್ಜೆ ಹೆಜ್ಜೆಗೊಂದು ಸಲ ಮುಗ್ಗರಿಸುತ್ತಿತ್ತು. ನನಗೆ ಎತ್ತಿ ನಿಲ್ಲಿಸುವ ಆಸೆ. ಕೈ ಮುಂದೆ ಹೋಗುತ್ತಿತ್ತು, ವಾಪಸ್ ಎಳೆದುಕೊಳ್ಳುತ್ತಿದ್ದೆ. ಆದರೆ ನೀರಿನ ಬಟ್ಟಲನ್ನು ಅದರ ಹತ್ತಿರಕ್ಕೆ ಸರಿಸುತ್ತಿದ್ದೆ. ಮೂರು ದಿನಕ್ಕೆ ಪಟ್ಟಿ ಬಿಚ್ಚಿದೆವು. ಸಜ್ಜೆ ಎರಡು ಹೆಜ್ಜೆ ಇಟ್ಟು, ನೇರವಾಗಿ ಹೋಗಿ ಜೋಳದ ತಲೆಗೆ ಕುಟುಕಿತು.

ನೀರಿನ ಬಟ್ಟಲು ಚಪ್ಪಟೆಯಾಗಿರಬೇಕು, ಒಳಗೆ ಗೋಲಿಗಳನ್ನು ಹಾಕಬೇಕು. ಇಲ್ಲದಿದ್ದರೆ ಮರಿ ಅದರಲ್ಲಿ ಬಿದ್ದು ಮುಳುಗುತ್ತದೆ. ಅದಕ್ಕೆ ನೀರು ಕುಡಿಯಲು ಕಲಿಸಬೇಕು, ಕೊಕ್ಕಿನ ತುದಿಯನ್ನು ಒಂದು ಸಲ ನೀರಿಗೆ ಮುಟ್ಟಿಸಿದರೆ ಸಾಕು. ಆಮೇಲೆ ಅದು ತಲೆ ಎತ್ತಿ ಆಕಾಶ ನೋಡಿಕೊಂಡು ನುಂಗುತ್ತದೆ, ಒಂದು ಕುಡಿದರೆ ಎಲ್ಲವೂ ಕುಡಿಯುತ್ತವೆ. ತಿನ್ನಲು ಮರಿಗಳಿಗೆಂದೇ ಮಾಡಿದ ಪುಡಿ ಆಹಾರವನ್ನು ಅಂಕಲ್ ಕೊಟ್ಟಿದ್ದರು. ಅಜ್ಜಿ ಮಾತ್ರ ಅಕ್ಕಿ ನುಚ್ಚು ಹಾಕು ಅಂತ ಕೊನೆಯವರೆಗೂ ಹಟ ಹಿಡಿದಿದ್ದರು. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಬೇಕು, ಇಲ್ಲದಿದ್ದರೆ ಮರಿಗೆ ಪ್ರಾಣಾಪಾಯ. ಈ ಕೆಲಸ ಯಾರೂ ಮಾಡಲು ಬರಲಿಲ್ಲ, ನಾನೇ ಮಾಡಿದೆ. ಮತ್ತೆ, ಮರಿ ಎಷ್ಟೇ ಮುದ್ದಾಗಿದ್ದರೂ ಮುತ್ತು ಕೊಡಬೇಡಿ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಬೇಕು.

ಯಾರೂ ಹೇಳದ ಎರಡು ವಿಷಯ ಇವೆ. ಒಂದು, ಧೂಳು. ಐದು ಮರಿಗಳಿಂದ ಅಷ್ಟು ಧೂಳು ಬರುತ್ತದೆ ಅಂತ ಗೊತ್ತಿದ್ದರೆ ಅಮ್ಮ ಒಪ್ಪುತ್ತಿರಲಿಲ್ಲ. ಟಿ.ವಿ. ಮೇಲೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಎರಡು, ನಿದ್ದೆ. ಮರಿಗಳು ಕುತ್ತಿಗೆ ಚಾಚಿ ನೆಲಕ್ಕೆ ಚಪ್ಪಟೆಯಾಗಿ ಬಿದ್ದು ಮಲಗುತ್ತವೆ, ಸತ್ತ ಹಾಗೆ. ತಮ್ಮ ಮೊದಲ ಸಲ ನೋಡಿದಾಗ ಕಿರುಚಿದ ಕಿರುಚಾಟಕ್ಕೆ ಎದುರು ಮನೆಯ ಆಂಟಿ ಬಾಗಿಲು ತಟ್ಟಿದರು. ಐದೂ ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದವು. ನಾನೂ ರಾತ್ರಿ ಎಷ್ಟೋ ಸಲ ಎದ್ದು ಹೋಗಿ, ಹೊಟ್ಟೆ ಏರಿಳಿಯುತ್ತಿದೆಯಾ ಅಂತ ನೋಡಿ ಬಂದು ಮಲಗುತ್ತಿದ್ದೆ.

ಮುಂದಿನ ಭಾನುವಾರ ಅಮ್ಮ ಕೋಳಿಸಾರು ಮಾಡಿದರು. ಪೆಟ್ಟಿಗೆ ಹಾಲ್‌ನಲ್ಲೇ ಇತ್ತು, ಚಿಂವ್ ಚಿಂವ್ ಕೇಳಿಸುತ್ತಿತ್ತು. ತಮ್ಮ ತಟ್ಟೆ ನೋಡಿ, “ಇದು ಯಾರು?” ಅಂತ ಕೇಳಿದ. ಅಪ್ಪ, “ಕೋಳಿ ಕೇಳಿ ಖಾರ ಅರೀತಾರಾ ಅಂತ ಗಾದೆ ಇದೆ, ಊಟ ಮಾಡು” ಅಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ನಾನು ಅವತ್ತು ತಿನ್ನಲಿಲ್ಲ. ಎರಡು ವಾರ ಬಿಟ್ಟು ತಿಂದೆ. ಸುಳ್ಳು ಯಾಕೆ ಹೇಳಲಿ. ಅಜ್ಜಿ ಹೇಳುತ್ತಾರೆ, ತಿನ್ನೋ ಕೋಳಿಗೆ ಹೆಸರಿಡಬಾರದು ಅಂತ. ತಮ್ಮ ಈಗಲೂ ತಿನ್ನುತ್ತಿಲ್ಲ.

ಫೆಬ್ರವರಿ 22ಕ್ಕೆ ಮೂರು ವಾರ ಮುಗಿಯಿತು. ಅಷ್ಟು ಹೊತ್ತಿಗೆ ರೆಕ್ಕೆಗಳಲ್ಲಿ ನಿಜವಾದ ಗರಿ ಬಂದಿದ್ದವು, ರಾಗಿ ಪೆಟ್ಟಿಗೆಯಿಂದ ಹಾರಿ ಸೋಫಾ ಮೇಲೆ ಕೂರುತ್ತಿತ್ತು. ಅಮ್ಮ ದಿನ ಎಣಿಸುತ್ತಿದ್ದರು. ಅಲ್ ಐನ್‌ಗೆ ಹೋಗುವಾಗ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವರು ಅಮ್ಮನೇ. ಒಂದೂವರೆ ಗಂಟೆ ದಾರಿಯಲ್ಲಿ ನಾನು ಕೇಳಿದರೂ ಕೊಡಲಿಲ್ಲ.

ಈದ್ ರಜೆಯಲ್ಲಿ ನೋಡಲು ಹೋದೆವು. ಐದೂ ತೋಟದಲ್ಲಿ ಬೇರೆ ಕೋಳಿಗಳ ಜೊತೆ ಖರ್ಜೂರದ ಮರದ ಬುಡ ಕೆದರುತ್ತಿದ್ದವು. ನಾನು ರಾಗೀ, ಜೋಳಾ, ಸಜ್ಜೇ ಅಂತ ಎಷ್ಟು ಕೂಗಿದರೂ ಒಂದೂ ತಿರುಗಲಿಲ್ಲ. ಹತ್ತಿರ ಹೋದರೆ ಓಡಿದವು. ಎಲ್ಲಕ್ಕಿಂತ ಜೋರಾಗಿ ಓಡಿದ್ದು ಸಜ್ಜೆ. ಅಂಕಲ್ ಡಬ್ಬಿಯಲ್ಲಿ ಕಾಳು ಕುಲುಕಿದರು, ಎಲ್ಲವೂ ಅವರ ಕಾಲ ಬಳಿಗೆ ಹೋದವು. ತಮ್ಮನಿಗೆ ಸಿಟ್ಟು ಬಂತು. ನನಗೂ ಸ್ವಲ್ಪ ಬೇಜಾರಾಯಿತು. ಮೂರು ಯಾಟೆ, ಎರಡು ಹುಂಜ ಅಂತ ಅಂಕಲ್ ಹೇಳಿದರು. ಹುಂಜಗಳನ್ನು ಏನು ಮಾಡುತ್ತೀರಿ ಅಂತ ನಾನು ಕೇಳಲಿಲ್ಲ. ತಮ್ಮ ಕೇಳಿದ. ಅಂಕಲ್ ಅಪ್ಪನ ಮುಖ ನೋಡಿ, “ಜೋಳ ಇರುತ್ತಾನೆ ಪುಟ್ಟಾ, ತೋಟಕ್ಕೆ ಒಬ್ಬ ಬೇಕು” ಅಂದರು. ಇನ್ನೊಂದು ಹುಂಜ ಸಾಮೆ.

ಹೋದ ವಾರ ಅಂಕಲ್ ಅಪ್ಪನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು, ಮಾತು ಏನೂ ಇಲ್ಲ. ಮೊದಲು ಗಾಳಿಯ ಸದ್ದು. ಆಮೇಲೆ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಕೂಗು, ಅರ್ಧಕ್ಕೇ ನಿಂತಿತು. ಮತ್ತೆ ಒಂದು ಸಲ, ಅದೂ ಅರ್ಧ. ತಮ್ಮ ಅದನ್ನು ಇಪ್ಪತ್ತು ಸಲ ಹಾಕಿಸಿಕೊಂಡು ಕೇಳಿದ. ಅಜ್ಜಿಗೂ ಕಳಿಸಿದೆವು.

“ಜೋಳಾನಾ? ಇನ್ನೂ ಗಂಟ್ಲು ಒಡೆದಿಲ್ಲ. ಕಲೀತದೆ ಬುಡು” ಅಂದರು ಅಜ್ಜಿ.

ತಮ್ಮ ಈಗ ಅಪ್ಪನ ಮೊಬೈಲ್‌ನ ಅಲಾರಂ ಬದಲಾಯಿಸಿದ್ದಾನೆ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಅರ್ಧ ಬೆಳಗಾಗುತ್ತದೆ.